ಬಲ್ಕ್ ಕೂಲರ್‌ನ ಅಜಿಟೇಟರ್ ಮತ್ತು ಅದರ ಸೀಲ್



ಸಂಘದ ಬಲ್ಕ್ ಕೂಲರ್ ಹಾಲನ್ನು 4 ಡಿಗ್ರಿ ಸೆಂಟಿಗ್ರೇಡ್‌ಗೆ ತಂಪು ಮಾಡುತ್ತದೆ. ತೊಟ್ಟಿಯ ತಳದಿಂದ ಶೀತ ತಟ್ಟುವುದರಿಂದ, ಕಲಕದಿದ್ದರೆ ಮೇಲಿನ ಹಾಲು ಬೆಚ್ಚಗೇ ಉಳಿದು ಹುಳಿಯಾಗುತ್ತದೆ. ಜಿಡ್ಡು ಹಗುರವಾದ್ದರಿಂದ ಮೇಲೇರುತ್ತದೆ; ಆಗ ತೆಗೆದ ಮಾದರಿಯಲ್ಲಿ ಜಿಡ್ಡಿನಂಶ ಸರಿಯಾಗಿ ಬಾರದು. ಆದ್ದರಿಂದ ಮಾದರಿಗೆ ಮೊದಲು ಕನಿಷ್ಠ 5 ನಿಮಿಷ ಕಲಕಬೇಕು. ಅಜಿಟೇಟರ್ ನಿಧಾನವಾಗಿಯೇ ತಿರುಗಬೇಕು. ಜೋರಾಗಿ ಕಡೆದರೆ ಬೆಣ್ಣೆ ಬರುವುದು ನಿಮಗೆ ಗೊತ್ತೇ ಇದೆ.

ಮೋಟಾರು ಮತ್ತು ಗೇರ್ ಬಾಕ್ಸ್ ತೊಟ್ಟಿಯ ಮೇಲಿರುತ್ತವೆ. ಅಲ್ಲಿಂದ ಶಾಫ್ಟ್ ಕೆಳಗಿಳಿಯುವಲ್ಲಿ ಇರುವ ರಬ್ಬರ್ ಸೀಲ್, ಎಣ್ಣೆ ಹಾಲಿಗೆ ಇಳಿಯದಂತೆ ತಡೆಯುತ್ತದೆ. ಶಾಫ್ಟ್ ಬಾಗಿದರೆ ಅಥವಾ ಬೇರಿಂಗ್ ಸಡಿಲವಾದರೆ ಶಾಫ್ಟ್ ಅಲುಗಾಡಿ ಸೀಲ್ ಬೇಗ ಸವೆಯುತ್ತದೆ.

ಗಮನಿಸಬೇಕಾದ ಅಂಶಗಳು:

1. ಪ್ರತಿದಿನ ತೊಟ್ಟಿ ಖಾಲಿಯಾದಾಗ ಸ್ವಿಚ್ ಆರಿಸಿ, ಶಾಫ್ಟನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಎಣ್ಣೆಯ ಕಲೆ ಕಂಡರೆ ಸೀಲ್ ಸವೆದಿದೆ ಎಂದರ್ಥ.

2. ಸೋರಿಕೆ ತಡೆಯಲು ಚಿಂದಿ ಸುತ್ತಬೇಡಿ, ಗ್ರೀಸ್ ಮೆತ್ತಬೇಡಿ. ಹಾಲು ಸುರಿಯುವ ಮುನ್ನ ಒಕ್ಕೂಟದ ತಂತ್ರಜ್ಞರಿಗೆ ತಿಳಿಸಿ.

3. ತೊಳೆಯುವಾಗ ಸೀಲ್‌ನ ಅಡಿಭಾಗವನ್ನೂ ಬ್ರಷ್‌ನಿಂದ ಉಜ್ಜಿ. ಅಲ್ಲಿ ಉಳಿದ ಹಾಲಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ.

ಒಂದು ಕ್ಯಾನ್ ಕೆಟ್ಟರೆ ಒಬ್ಬಿಬ್ಬರಿಗೆ ನಷ್ಟ. ತೊಟ್ಟಿ ಕೆಟ್ಟರೆ ಊರಿಗೇ ನಷ್ಟ.