ಸಕ್ಕರೆಯ ಗ್ರಾಫ್: ಅಳತೆ ಒಂದೇ ಇರಲಿ

ಸಕ್ಕರೆ ಕಾಯಿಲೆಯವರು ಮನೆಯಲ್ಲೇ ಗ್ಲುಕೋಮೀಟರಿನಿಂದ ಪರೀಕ್ಷಿಸಿಕೊಂಡು ಅಂಕಿಗಳನ್ನು ಬರೆದಿಡುವುದು ಒಳ್ಳೆಯ ಅಭ್ಯಾಸ. ವಿಜಯಪುರದ ಅನೇಕ ಮನೆಗಳಲ್ಲಿ ಈಗ ಮಕ್ಕಳು ಆ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿ ಗ್ರಾಫ್ ತೆಗೆದುಕೊಡುತ್ತಾರೆ. ಗೆರೆ ನೋಡಿದೊಡನೆ ಏರಿಳಿತ ತಿಳಿಯುತ್ತದೆ ನಿಜ. ಆದರೆ ಎರಡು ಗ್ರಾಫ್‌ಗಳನ್ನು ಹೋಲಿಸುವಾಗ ಎಚ್ಚರ ಅಗತ್ಯ.

ಅಣ್ಣ ತಮ್ಮಂದಿರ ಉದಾಹರಣೆ

ಅಣ್ಣ ತಿಕೋಟಾದಲ್ಲಿ, ತಮ್ಮ ಬಬಲೇಶ್ವರದಲ್ಲಿ ಇದ್ದಾರೆಂದು ಭಾವಿಸಿ. ಖಾಲಿ ಹೊಟ್ಟೆಯ ಸಕ್ಕರೆ ಅಣ್ಣನಿಗೆ ತಿಂಗಳಿಡೀ 118ರಿಂದ 130ರ ಒಳಗಿದೆ. ತಮ್ಮನಿಗೆ 110ರಿಂದ 240ರವರೆಗೆ ಹಾರಾಡಿದೆ. ಎಕ್ಸೆಲ್‌ನಂಥ ತಂತ್ರಾಂಶ ಅಕ್ಷದ ಅಳತೆಯನ್ನು ತಾನೇ ಆರಿಸುತ್ತದೆ. ಅಂಕಿಗಳು ಹತ್ತಿರ ಹತ್ತಿರ ಇದ್ದರೆ ಸೊನ್ನೆಯಿಂದ ಆರಂಭಿಸದೆ, 112ರಿಂದ 132 ಎಂಬಂತೆ ಹಿಗ್ಗಿಸಿ ತೋರಿಸುತ್ತದೆ. ತಮ್ಮನ ಗ್ರಾಫ್ ಸೊನ್ನೆಯಿಂದ 300ರವರೆಗೆ ಇರುತ್ತದೆ. ಪರಿಣಾಮವಾಗಿ ಅಣ್ಣನ ಗೆರೆ ಗುಡ್ಡದಂತೆ ಏರಿಳಿದು, ತಮ್ಮನ ಗೆರೆ ಅದಕ್ಕಿಂತ ಶಾಂತವಾಗಿ ಕಾಣುತ್ತದೆ!

ಇದರಿಂದ ಏನು ಅಪಾಯ?

ಬಹುತೇಕ ರೋಗಿಗಳಿಗೆ ಖಾಲಿ ಹೊಟ್ಟೆಯಲ್ಲಿ 80ರಿಂದ 130 ಗುರಿ. ಅಣ್ಣನದು ಸರಿಯಾಗಿಯೇ ಇದೆ. ಅಲ್ಲದೆ 100ರ ಮೇಲಿನ ಅಂಕಿಗಳಲ್ಲಿ ಮೀಟರು ಪ್ರಯೋಗಾಲಯಕ್ಕಿಂತ ಶೇ. 15ರಷ್ಟು ಹೆಚ್ಚು ಕಡಿಮೆ ತೋರಿಸುವುದನ್ನು 2013ರ ಅಂತರರಾಷ್ಟ್ರೀಯ ಮಾನದಂಡವೇ ಒಪ್ಪಿದೆ. ಗುಡ್ಡ ನೋಡಿ ಹೆದರಿ ಅಣ್ಣ ತಾನೇ ಗುಳಿಗೆ ಹೆಚ್ಚಿಸಿಕೊಂಡರೆ ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ತಲೆಸುತ್ತು ಬರಬಹುದು, ಪ್ರಜ್ಞೆ ತಪ್ಪಲೂಬಹುದು. ಚಿಕಿತ್ಸೆ ಬದಲಿಸಬೇಕಾದ ತಮ್ಮನೋ ನಿಶ್ಚಿಂತನಾಗಿ ಕೂರುತ್ತಾನೆ.

ಅಂಗನವಾಡಿಯ ಪಾಠ

ಅಂಗನವಾಡಿಯಲ್ಲಿ ಮಗುವಿನ ತೂಕ ಗುರುತಿಸುವ ಚಾರ್ಟನ್ನು ನೋಡಿ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಮಾನದಂಡದಂತೆ ಗಂಡು ಮಕ್ಕಳಿಗೊಂದು, ಹೆಣ್ಣು ಮಕ್ಕಳಿಗೊಂದು ಚಾರ್ಟ್ ಇದೆ. ಅದರ ಅಳತೆ ಮೊದಲೇ ಅಚ್ಚಾಗಿರುತ್ತದೆ; ಮಗುವಿಗೆ ತಕ್ಕಂತೆ ಬದಲಾಗುವುದಿಲ್ಲ. ಆದ್ದರಿಂದಲೇ ಯಾವ ಊರಿನ ಮಗುವಾದರೂ ಹೋಲಿಸಬಹುದು.

ಹೀಗೆ ಮಾಡಿ

* ಎಕ್ಸೆಲ್‌ನಲ್ಲಿ ಲಂಬ ಅಕ್ಷದ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಫಾರ್ಮ್ಯಾಟ್ ಆಕ್ಸಿಸ್' ತೆರೆಯಿರಿ. ಕನಿಷ್ಠ 50, ಗರಿಷ್ಠ 350 ಎಂದು ನೀವೇ ತುಂಬಿ. ಸಕ್ಕರೆ 350 ಮೀರಿದರೆ ಎಲ್ಲ ಗ್ರಾಫ್‌ಗಳ ಗರಿಷ್ಠವನ್ನೂ ಒಟ್ಟಿಗೇ ಏರಿಸಿ.

* ಅಡ್ಡ ಅಕ್ಷದಲ್ಲಿ ಎಲ್ಲ ತಿಂಗಳಿಗೂ 1ರಿಂದ 31 ತಾರೀಖು ಇರಲಿ.

* ಸಕ್ಕರೆಯ ಗ್ರಾಫಿನ ಕೆಳಗೆ ಇನ್ಸುಲಿನ್ ಪ್ರಮಾಣದ ಗ್ರಾಫ್ ಇಡುವವರು ಚೌಕಟ್ಟನ್ನೂ ಗಮನಿಸಿ. ಮೂರಂಕಿ ಬರೆಯಲು ಹೆಚ್ಚು ಜಾಗ ಬೇಕಾಗಿ ಮೇಲಿನ ಚೌಕಟ್ಟು ಬಲಕ್ಕೆ ಸರಿಯುತ್ತದೆ. ಮೇಲಿನ 12ನೇ ತಾರೀಖಿನ ನೇರಕ್ಕೆ ಕೆಳಗಿನ 12 ಬರುವುದಿಲ್ಲ. ಒಳಚೌಕಟ್ಟಿನ ಅಳತೆಯನ್ನು ಒಮ್ಮೆ ಕೈಯಿಂದ ಹೊಂದಿಸಿ, ಆ ಗ್ರಾಫನ್ನೇ ನಕಲು ಮಾಡಿ ಅಂಕಿಗಳನ್ನು ಬದಲಿಸಿ. ಇನ್ಸುಲಿನ್ ನಕಲಿನಲ್ಲಿ ಲಂಬ ಅಕ್ಷದ ಅಳತೆಯನ್ನು ಮಾತ್ರ ಬೇರೆ ತುಂಬಿ.

* 80 ಮತ್ತು 130ರಲ್ಲಿ ಎರಡು ಅಡ್ಡ ಗೆರೆ ಎಳೆಯಿರಿ.

ಕಂಪ್ಯೂಟರ್ ಇಲ್ಲದವರು ಒಂದೇ ಬಗೆಯ ಗ್ರಾಫ್ ಹಾಳೆ ಬಳಸಿದರೂ ಸಾಕು. ವೈದ್ಯರಲ್ಲಿಗೆ ಬರುವಾಗ ಗ್ರಾಫಿನೊಂದಿಗೆ ಅಂಕಿ ಬರೆದ ವಹಿಯನ್ನೂ ತನ್ನಿ. ಗೆರೆಯ ಆಕಾರ ನೋಡಿ ಗುಳಿಗೆ ಬದಲಿಸಬೇಡಿ.