ಸೂತ್ರ ಮರೆತವಳ ಸರಿ ಉತ್ತರ

ಹಿರೇಕೆರೂರು, ಸವಣೂರು, ಶಿಗ್ಗಾಂವಿ, ಈಗ ಹಾನಗಲ್ಲು. ವರ್ಗವಾಗಿ ಹೋದಲ್ಲೆಲ್ಲ ಹತ್ತನೇ ತರಗತಿಗೆ ಗಣಿತ ಹೇಳಿದವನು ನಾನು. ಸಂಖ್ಯಾಶಾಸ್ತ್ರದ ಪಾಠ ಬಂತೆಂದರೆ ನಮ್ಮವರಿಗೆಲ್ಲ ನಿರಾಳ. ಸೂತ್ರ ಬರೆಸು, ಕೋಷ್ಟಕ ಹಾಕಿಸು, ಅಂಕ ಗ್ಯಾರಂಟಿ. ಅಂಕವೇನೋ ಬರುತ್ತವೆ. ಆದರೆ ಸರಾಸರಿ 8 ಬಂತಲ್ಲ, ಅದರರ್ಥ ಏನು ಎಂದು ಕೇಳಿ ನೋಡಿ, ಇಡೀ ತರಗತಿ ಮಾಸ್ತರರ ಮುಖ ನೋಡುತ್ತದೆ.

ನಾನು ಹೊಲದಿಂದ ಶುರು ಮಾಡುತ್ತೇನೆ. ಒಂದು ಓಣಿಯಲ್ಲಿ ಏಳು ಮನೆ. ಹೊಲ 1, 1, 1, 2, 3, 3 ಎಕರೆ, ಕೊನೆಯ ಗೌಡರದು 45. ಕೂಡಿಸಿದರೆ 56, ಸರಾಸರಿ 8. ಓಣಿ ತುಂಬ ಹುಡುಕಿದರೂ 8 ಎಕರೆಯ ಮನುಷ್ಯ ಸಿಗುವುದಿಲ್ಲ. ಮಧ್ಯಾಂಕ 2, ಬಹುಲಕ 1. ಒಂದೇ ಓಣಿಗೆ ಮೂರು ಉತ್ತರ, ಮೂರೂ ಸರಿ. ಮಕ್ಕಳ ಸ್ವಂತ ಹೊಲದ ಲೆಕ್ಕ ಮಾತ್ರ ಕೇಳಬೇಡಿ. ಹೊಲವೇ ಇಲ್ಲದ ಮನೆಯ ಹುಡುಗ ಬೆಂಚಿನ ಮೂಲೆಯಲ್ಲಿ ಕುಳಿತಿರುತ್ತಾನೆ.

ಅಲ್ಲಿಂದ ಬೆಳೆ ವಿಮೆ. ನಮ್ಮ ಕಡೆ ಫಸಲ್ ಬಿಮಾ ಗೊತ್ತಿಲ್ಲದ ಮನೆ ಇಲ್ಲ. 2016ರ ಮುಂಗಾರಿನಿಂದ ಬಂದ ಯೋಜನೆ. ಮುಖ್ಯ ಬೆಳೆಯಾದರೆ ಗ್ರಾಮ ಪಂಚಾಯಿತಿಗೆ ಕನಿಷ್ಠ 4 ಬೆಳೆ ಕಟಾವು ಪ್ರಯೋಗ. ಅದರ ಸರಾಸರಿಯೇ ಇಡೀ ಪಂಚಾಯಿತಿಯ ಇಳುವರಿ. ಹಿಂದಿನ 7 ವರ್ಷಗಳಲ್ಲಿ ಚಲೋ ಬಂದ 5 ವರ್ಷದ ಸರಾಸರಿ ಹಿಡಿದು ಖಾತರಿ ಇಳುವರಿ ಕಟ್ಟಿರುತ್ತಾರೆ. ಇಳುವರಿ ಅದಕ್ಕಿಂತ ಕಡಿಮೆಯಾದರೆ ಪರಿಹಾರ. ಬೋರ್ಡಿನ ಮೇಲೆ ನಾಲ್ಕು ಹೊಲ ಬರೆದೆ: 4, 5, 5, 22 ಕ್ವಿಂಟಲ್. ಖಾತರಿ ಇಳುವರಿ 8 ಎಂದಿಟ್ಟುಕೊಳ್ಳಿ ಅಂದೆ. ಸರಾಸರಿ 9. ಬೋರ್‌ವೆಲ್ ಇದ್ದ ಒಬ್ಬನ ಹೊಲದಿಂದ ಮೂವರ ಪರಿಹಾರ ಹೋಯಿತು. ಕೂಡಲೇ ಒಬ್ಬ ಎದ್ದ: ‘ಸರ, ಮಧ್ಯಾಂಕ ತಗೊಂಡಿದ್ರ 5 ಆಗಿ ರೊಕ್ಕ ಬರ್ತಿತ್ತಲ್ರೀ?’ ಇಷ್ಟು ವರ್ಷದಲ್ಲಿ ನನಗೆ ಬಂದ ಅತಿ ಒಳ್ಳೆಯ ಪ್ರಶ್ನೆ ಅದು. ಪಕ್ಕದಲ್ಲೇ 1, 9, 9, 9 ಬರೆದೆ. ಈಗ ಸರಾಸರಿ 7, ಪರಿಹಾರ ಉಂಟು. ಮಧ್ಯಾಂಕ 9, ಪರಿಹಾರ ಇಲ್ಲ. ಹುಡುಗ ತಲೆ ಕೆರೆದುಕೊಂಡು ಕುಳಿತ. ನಮ್ಮ ಮಾವನವರಿಗೆ ಇದನ್ನು ಹೇಳಿದಾಗ, ‘ಮಾಸ್ತರಕಿ ಮಾಡ್ರಿ, ಪಂಚಾಯ್ತಿ ಯಾಕ ಬೇಕು ನಿಮಗ’ ಅಂದರು. ಅವರ ಮಾತು ಕೇಳುವ ಸ್ವಭಾವ ನನ್ನದಲ್ಲ.

ಬಹುಲಕಕ್ಕೆ ಪೇಟೆ. ಎಪಿಎಂಸಿ ದರಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ಕಾಲಂ ಇರುತ್ತವೆ. ಬ್ಯಾಡಗಿ ಮೆಣಸಿನಕಾಯಿ ಸೀಸನ್ನಿನಲ್ಲಿ ಪತ್ರಿಕೆ ದೊಡ್ಡಕ್ಷರದಲ್ಲಿ ಹಾಕುವುದು ಗರಿಷ್ಠ ದರ. ಅದನ್ನು ನಂಬಿ ಚೀಲ ಹೇರಿಕೊಂಡು ಹೋದವನ ಕೈಗೆ ಸಾಮಾನ್ಯವಾಗಿ ಬರುವುದು ಮಾದರಿ ದರದ ಆಸುಪಾಸಿನ ದುಡ್ಡು. ಕಡ್ಡಿ, ಡಬ್ಬಿ, ಗುಂಟೂರು ಮೂರೂ ಬಗೆಯ ಮೆಣಸಿನಕಾಯಿಯ ಸಾಲನ್ನು ಪತ್ರಿಕೆಯಿಂದ ಕತ್ತರಿಸಿ ಬೋರ್ಡಿಗೆ ಅಂಟಿಸಿದ್ದೆ.

ಆ ದಿನವೇ ಶಾಲೆಯ ತಪಾಸಣೆಗೆ ಅಧಿಕಾರಿಗಳು ಬಂದರು. ಹೆಸರು ಬೇಡ. ಬಾಗಿಲಲ್ಲೇ ನಿಂತು ಬೋರ್ಡು ನೋಡಿ, ‘ಏನ್ರೀ ಇದು, ಕ್ಲಾಸಿನ್ಯಾಗ ಸಂತಿ ಹಚ್ಚೀರಿ?’ ಅಂದರು. ನಾನು ಬಾಯಿ ತೆರೆಯುವ ಮೊದಲೇ ಕೊನೆಯ ಬೆಂಚಿನ ಹುಡುಗಿಯನ್ನು ಎಬ್ಬಿಸಿದರು. ‘ಬಹುಲಕದ ಸೂತ್ರ ಹೇಳವ್ವಾ.’ ಆಕೆ ಪೆನ್ನಿನ ಟೋಪಿ ತೆಗೆಯುತ್ತ ಹಾಕುತ್ತ, ‘ಎಲ್ ಪ್ಲಸ್... ಎಫ್ ಒನ್ ಮೈನಸ್ ಎಫ್ ನಾಟ್...’ ಅನ್ನುತ್ತ ಛೇದಕ್ಕೆ ಬಂದು ನಿಂತಳು. ಮುಂದಿನದು ನನ್ನ ನಾಲಗೆಯ ತುದಿಯಲ್ಲಿತ್ತು, ಹೇಳಿಕೊಡುವಂತಿರಲಿಲ್ಲ. ಕೊನೆಗೆ ಆಕೆಯೇ ತಲೆ ಎತ್ತಿದಳು: ‘ಸೂತ್ರ ನೆನಪಾಗವಲ್ದು ಸರ. ಆದ್ರ ಬಹುಲಕ ಅಂದ್ರ ಮಾದರಿ ದರ ಇದ್ದಂಗ್ರೀ. ಪ್ಯಾಟ್ಯಾಗ ಹೆಚ್ಚಿನ ಚೀಲ ಯಾವ ರೇಟಿಗೆ ಹೋಗ್ತಾವೋ ಅದು.’

ನನಗೆ ಚಪ್ಪಾಳೆ ತಟ್ಟಬೇಕೆನಿಸಿತು. ಅವರು ನಕ್ಕರು. ‘ಪರೀಕ್ಷಾದಾಗ ಮೆಣಸಿನಕಾಯಿ ಬರೀತೀಯೇನು?’ ಅವರು ನಕ್ಕದ್ದು ಇರಲಿ, ಅವರ ಹಿಂದೆ ಇಡೀ ತರಗತಿ ನಕ್ಕಿತು. ಸ್ವಲ್ಪ ಹೊತ್ತಿನ ಮುಂಚೆ ಇದೇ ದರಪಟ್ಟಿ ಓದಿ ವಾದ ಮಾಡಿದ್ದ ಹುಡುಗರೂ ನಕ್ಕರು. ಹುಡುಗಿ ಕೂಡಲೂ ಇಲ್ಲ, ಅಳಲೂ ಇಲ್ಲ, ನನ್ನನ್ನೇ ನೋಡುತ್ತ ನಿಂತಳು. ಹೆಡ್‌ಮಾಸ್ತರರು ಹಾಜರಿ ಪುಸ್ತಕದಲ್ಲಿ ಏನೋ ಹುಡುಕತೊಡಗಿದರು. ‘ಆಕಿ ಹೇಳಿದ್ದು ಸರಿ ಐತಿ ಸರ್’ ಎಂದೆ. ‘ಸರಿ ಇರಬಹುದ್ರೀ, ಮಾರ್ಕ್ಸ್ ಯಾರು ಕೊಡ್ತಾರ?’ ಅಂದರು ಅಧಿಕಾರಿಗಳು. ಭೇಟಿ ಪುಸ್ತಕದಲ್ಲಿ ಪಠ್ಯಕ್ಕೆ ಸಂಬಂಧವಿಲ್ಲದ ವಿಷಯದಲ್ಲಿ ಕಾಲಹರಣ ಎಂದು ಬರೆದು ಸಹಿಗೆ ಮುಂದೆ ಸರಿಸಿದರು. ಸಹಿ ಮಾಡಿದೆ. ಅದರ ಕೆಳಗೆ ‘ವಿದ್ಯಾರ್ಥಿನಿಯ ಉತ್ತರ ಸರಿಯಿತ್ತು’ ಎಂದೂ ಬರೆದೆ. ಕಾರಣ ಕೇಳಿ ನೋಟಿಸು ಬಂತು. ಉತ್ತರದ ಜೊತೆ ದರಪಟ್ಟಿಯ ಕತ್ತರಿಕೆಯನ್ನು ಪಿನ್ನು ಮಾಡಿ ಕಳಿಸಿದೆ. ಹಟವೆನ್ನಿ, ಆ ಸಾಲು ಬರೆದದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ.

ಹೊಸ ಶಿಕ್ಷಕರಿಗೆ ಹೇಳುವುದು ಬಹಳವಿಲ್ಲ. ಮಧ್ಯಾಂಕಕ್ಕೆ ಮಕ್ಕಳನ್ನೇ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ. ಏರಿಕೆ ಕ್ರಮದಲ್ಲಿ ಬರೆಯದೆ ನಡುವಿನದನ್ನು ಎತ್ತಿಕೊಳ್ಳುವ ಚಾಳಿ ಅದರಿಂದಲೇ ಬಿಡುತ್ತದೆ. ಸೂತ್ರವನ್ನೂ ಕಲಿಸಿ, ಪರೀಕ್ಷೆ ಬರೆಯುವವರು ಅವರು. ಮತ್ತೊಂದು: ಮಧ್ಯಾಂಕದ ಮೂರು ಪಟ್ಟು ಎಂದರೆ ಬಹುಲಕಕ್ಕೆ ಸರಾಸರಿಯ ಎರಡು ಪಟ್ಟು ಕೂಡಿಸಿದಷ್ಟು ಎಂಬ ಸಂಬಂಧ ಬರೀ ಅಂದಾಜಿನದು ಎಂದು ಮೊದಲೇ ಹೇಳಿಬಿಡಿ. ನಮ್ಮ ಓಣಿಯ ಏಳು ಮನೆಗೆ ಅದನ್ನು ಹಚ್ಚಿದರೆ ಒಂದು ಕಡೆ 6, ಇನ್ನೊಂದು ಕಡೆ 17 ಬರುತ್ತದೆ. ಯಾರಾದರೊಬ್ಬರು ಹಚ್ಚಿಯೇ ಹಚ್ಚುತ್ತಾರೆ, ಅದೂ ಬೆಲ್ ಹೊಡೆಯುವ ಹೊತ್ತಿಗೆ, ‘ಹಂಗಾದ್ರ ಪುಸ್ತಕ ತಪ್ಪೇನ್ರೀ ಸರ?’ ಅಂತ.