ಮನೆ ಒಂದೇ, ಕೊರತೆ ಬೇರೆ ಬೇರೆ: ಜೀವಸತ್ವದ ಗುಳಿಗೆಗಳನ್ನು ಆರಿಸುವ ಬಗೆ

ಕಾಯಕಕ್ಕೆ ಕಾಯವೇ ಆಧಾರ. ದುಡಿಯುವ ಕೈ, ನಡೆಯುವ ಕಾಲು, ನೆನೆಯುವ ಮನಸ್ಸು ಸ್ವಸ್ಥವಾಗಿದ್ದರೆ ಕಾಯಕವೂ ಸಾಗುತ್ತದೆ, ದಾಸೋಹವೂ ನಡೆಯುತ್ತದೆ. ಆದುದರಿಂದ ಶರೀರವನ್ನು ಕಾಪಾಡಿಕೊಳ್ಳುವುದೂ ಸದ್ಭಕ್ತರ ಕರ್ತವ್ಯವೇ ಆಗಿದೆ. ಈ ಸಂಚಿಕೆಯಲ್ಲಿ ನಾವು ಜೀವಸತ್ವದ, ಅಂದರೆ ವಿಟಮಿನ್ನಿನ ಗುಳಿಗೆಗಳನ್ನು ಕುರಿತು ವಿಚಾರ ಮಾಡೋಣ. ನಲವತ್ತು ದಾಟಿದ ತಂದೆತಾಯಿಗಳಿಗೆ ಯಾವುದು ಬೇಕು, ಅವರ ಮಕ್ಕಳಿಗೆ ಯಾವುದು ಬೇಕು, ಯಾವುದು ಇಬ್ಬರಿಗೂ ಬೇಡ ಎಂಬುದನ್ನು ತಿಳಿದುಕೊಳ್ಳೋಣ.

ನಮ್ಮ ಗುಳೇದಗುಡ್ಡದ ಒಂದು ನೇಕಾರರ ಮನೆಯನ್ನು ಕಣ್ಣಮುಂದೆ ತಂದುಕೊಳ್ಳೋಣ. ತಂದೆ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತು ಖಣ ನೇಯುತ್ತಾರೆ. ತಾಯಿ ಅದೇ ಕೋಣೆಯಲ್ಲಿ ಕಂಡಿಕೆ ಸುತ್ತುತ್ತಾರೆ. ಹದಿಮೂರು ವರ್ಷದ ಮಗಳು ಶಾಲೆಗೆ, ನಾಲ್ಕು ವರ್ಷದ ಮಗ ಅಂಗನವಾಡಿಗೆ ಹೋಗುತ್ತಾರೆ. ತಂದೆಗೆ ಪಾದಗಳು ಜೋಮು ಹಿಡಿಯುತ್ತವೆ. ಮಗ್ಗ ತುಳಿದು ತುಳಿದು ಹಾಗಾಗಿದೆ ಎಂದು ಅವರು ಸುಮ್ಮನಿದ್ದಾರೆ. ತಾಯಿಗೆ ಸೊಂಟನೋವು, ಮೈಕೈನೋವು. ಮಗಳಿಗೆ ಪದೇ ಪದೇ ತಲೆಸುತ್ತು. ಮಗ ಸರಿಯಾಗಿ ಉಣ್ಣುವುದಿಲ್ಲ. ಹೀಗಿರುವಾಗ ಯಾರೋ ಹೇಳಿದರೆಂದು ಪೇಟೆಯಿಂದ ಒಂದು ಡಬ್ಬಿ ಶಕ್ತಿಯ ಗುಳಿಗೆ ತಂದು, ಮನೆಮಂದಿಯೆಲ್ಲ ಹಂಚಿಕೊಂಡು ನುಂಗುತ್ತಾರೆ.

ದಾಸೋಹದಲ್ಲಿ ಹಂಚಿಕೊಂಡು ಉಣ್ಣುವುದು ಧರ್ಮ. ಔಷಧವನ್ನು ಹಂಚಿಕೊಂಡು ನುಂಗುವುದು ಮಾತ್ರ ತಪ್ಪು. ಈ ನಾಲ್ವರ ಕೊರತೆಗಳೂ ಬೇರೆ ಬೇರೆ ಇರಬಹುದು. ಮೊದಲು ಕೊರತೆಯನ್ನು ಗೊತ್ತುಮಾಡಿಕೊಳ್ಳಬೇಕು, ಆಮೇಲೆ ಗುಳಿಗೆಯನ್ನು ಆರಿಸಬೇಕು. ಈ ಲೇಖನದ ಸಾರವೆಲ್ಲ ಇಷ್ಟೇ.

ಮುಂಬಯಿಯ ಗಿರಣಿಗಳು ಕಲಿಸಿದ ಪಾಠ

ನಮ್ಮ ಭಾಗವೂ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1928ರಲ್ಲಿ, ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ವೈದ್ಯೆ ಮುಂಬಯಿಗೆ ಬಂದರು. ಅಲ್ಲಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ತೀವ್ರ ರಕ್ತಹೀನತೆಯನ್ನು ಅವರು ಅಭ್ಯಾಸ ಮಾಡಿದರು. ಯೀಸ್ಟಿನ ಸಾರವನ್ನು ಕೊಟ್ಟಾಗ ಆ ತಾಯಂದಿರು ಚೇತರಿಸಿಕೊಂಡದ್ದನ್ನು ಕಂಡು 1931ರಲ್ಲಿ ಅದನ್ನು ಪ್ರಕಟಿಸಿದರು. ಆ ಸಾರದಲ್ಲಿದ್ದ ಜೀವಸತ್ವವನ್ನೇ ಮುಂದೆ ಫೋಲಿಕ್ ಆಮ್ಲವೆಂದು ಕರೆಯಲಾಯಿತು. ನಮ್ಮ ಸೊಪ್ಪು, ಬೇಳೆಕಾಳುಗಳಲ್ಲಿ ಅದು ಸಾಕಷ್ಟಿದೆ.

ಇದೇ ರೀತಿಯ ರಕ್ತಹೀನತೆಯನ್ನು ತರುವ ಇನ್ನೊಂದು ಕೊರತೆಯುಂಟು, ಅದು ಬಿ12 ಜೀವಸತ್ವದ್ದು. ಅದನ್ನು ಬೇರ್ಪಡಿಸಿದ್ದು 1948ರಲ್ಲಿ. ಈ ಎರಡು ಕೊರತೆಗಳಲ್ಲಿಯೂ ರಕ್ತದ ಕೆಂಪು ಕಣಗಳು ದಪ್ಪವಾಗುತ್ತವೆ. ಹೊರನೋಟಕ್ಕೆ ಎರಡೂ ಒಂದೇ. ಆದರೆ ಬಿ12 ಕೊರತೆಯಿದ್ದವರು ಫೋಲಿಕ್ ಆಮ್ಲವನ್ನಷ್ಟೇ ತೆಗೆದುಕೊಂಡರೆ ರಕ್ತ ಸುಧಾರಿಸಿದಂತೆ ಕಾಣುತ್ತದೆ, ಒಳಗೊಳಗೆ ನರಗಳು ಹಾಳಾಗುತ್ತಲೇ ಹೋಗುತ್ತವೆ. ಕೊರತೆ ಯಾವುದೆಂದು ತಿಳಿಯದೆ ನುಂಗಿದ ಗುಳಿಗೆ ರೋಗವನ್ನು ಮುಚ್ಚಿಡಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ಬಿ12: ಸಸ್ಯಾಹಾರಿಗಳು ಮರೆಯಬಾರದ ಜೀವಸತ್ವ

ಶಾಕಾಹಾರಿಗಳಾದ ನಾವು ಮೊದಲು ಗಮನಿಸಬೇಕಾದುದು ಇದನ್ನೇ. ಕಾಳು, ಕಡಿ, ಸೊಪ್ಪು, ಹಣ್ಣುಗಳಲ್ಲಿ ಬಿ12 ಇಲ್ಲವೆಂದೇ ಹೇಳಬೇಕು. ನಮಗೆ ಅದು ದೊರೆಯುವುದು ಹಾಲು, ಮೊಸರು, ಮಜ್ಜಿಗೆಗಳಿಂದ. ವಯಸ್ಕರಿಗೆ ದಿನಕ್ಕೆ ಎರಡರಿಂದ ಎರಡೂವರೆ ಮೈಕ್ರೋಗ್ರಾಮಿನಷ್ಟು ಬಿ12 ಬೇಕು. ಕಾಲು ಲೀಟರ್ ಹಾಲಿನಲ್ಲಿ ಇರುವುದು ಸುಮಾರು 1 ಮೈಕ್ರೋಗ್ರಾಂ. ಮನೆಯ ಹಾಲನ್ನೆಲ್ಲ ಡೇರಿಗೆ ಹಾಕಿ, ಉಳಿದುದನ್ನು ಚಹಕ್ಕೆ ಬೆರೆಸಿ ಕುಡಿದರೆ ಈ ಲೆಕ್ಕ ತುಂಬುವುದಿಲ್ಲ.

ವಯಸ್ಸಾದಂತೆ ಜಠರದಲ್ಲಿ ಆಮ್ಲದ ಪ್ರಮಾಣ ಕಡಿಮೆಯಾಗುವುದರಿಂದ ಆಹಾರದಲ್ಲಿರುವ ಬಿ12 ಪೂರ್ತಿಯಾಗಿ ಹೀರಲ್ಪಡುವುದಿಲ್ಲ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಗುಳಿಗೆಯನ್ನಾಗಲಿ, ಹೊಟ್ಟೆಯುರಿಗೆ ಆಮ್ಲ ತಗ್ಗಿಸುವ ಗುಳಿಗೆಯನ್ನಾಗಲಿ ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ಈ ಕೊರತೆ ಇನ್ನೂ ಹೆಚ್ಚು. ಯಕೃತ್ತಿನಲ್ಲಿ ಬಿ12 ದಾಸ್ತಾನು ಇರುವುದರಿಂದ ಕೊರತೆಯು ಹಲವು ವರ್ಷಗಳ ನಂತರ, ಸದ್ದಿಲ್ಲದೆ ಕಾಣಿಸಿಕೊಳ್ಳುತ್ತದೆ. ಪಾದಗಳಲ್ಲಿ ಜೋಮು, ಉರಿ, ಕತ್ತಲಲ್ಲಿ ನಡೆಯುವಾಗ ತೂಗಾಟ, ನಾಲಿಗೆಯ ಉರಿ, ಮರೆವು, ಬೇಸರ, ಆಯಾಸ ಇವು ಅದರ ಲಕ್ಷಣಗಳು. ನಮ್ಮ ನೇಕಾರ ಬಂಧುಗಳು ಕಾಲಿನ ಜೋಮನ್ನು ಮಗ್ಗದ ತಲೆಗೆ ಕಟ್ಟಿ ಸುಮ್ಮನಾಗುವುದರಲ್ಲಿ ಇರುವ ಅಪಾಯ ಇಲ್ಲಿಯೇ. ಎರಡೂ ಪಾದಗಳಲ್ಲಿ ಜೋಮು ವಾರಗಟ್ಟಲೆ ಉಳಿದರೆ ಪರೀಕ್ಷಿಸಿಕೊಳ್ಳಲೇಬೇಕು. ಬೇಗ ಚಿಕಿತ್ಸೆ ದೊರೆತರೆ ನರಗಳು ಚೇತರಿಸಿಕೊಳ್ಳುತ್ತವೆ. ತಡವಾದರೆ ಹಾನಿ ಶಾಶ್ವತವಾಗಿ ಉಳಿಯಬಹುದು.

ಬಾಣಂತಿಯಲ್ಲಿ ಬಿ12 ಕಡಿಮೆಯಿದ್ದರೆ ಎದೆಹಾಲಿನಲ್ಲಿಯೂ ಕಡಿಮೆಯಾಗುತ್ತದೆ. ಅಂಥ ಕೂಸು ಮಂಕಾಗುತ್ತದೆ, ಕಲಿತ ನಗು ಆಟಗಳನ್ನು ಮರೆಯುತ್ತದೆ, ಕೈಕಾಲು ನಡುಗುತ್ತವೆ. ಆದುದರಿಂದ ಬಸುರಿಯಾದಾಗಲೇ ವೈದ್ಯರಲ್ಲಿ ಬಿ12 ವಿಚಾರವನ್ನು ಎತ್ತಬೇಕು.

ಗುಳಿಗೆ ನುಂಗಿದರೆ ಆಚಾರಕ್ಕೆ ಭಂಗವೇ ಎಂದು ಕೆಲವು ಭಕ್ತರು ಕೇಳುವುದುಂಟು. ಔಷಧದಲ್ಲಿ ಬಳಸುವ ಬಿ12 ಸೂಕ್ಷ್ಮಜೀವಿಗಳಿಂದ, ಮೊಸರು ಹೆಪ್ಪುಗಟ್ಟುವಂಥದೇ ಹುದುಗಿನ ಕ್ರಮದಿಂದ ತಯಾರಾಗುತ್ತದೆ, ಅದರಲ್ಲಿ ಮಾಂಸವಿಲ್ಲ. ಗಮನಿಸಬೇಕಾದುದು ಕ್ಯಾಪ್ಸೂಲಿನ ಹೊರಕವಚವನ್ನು. ಅದು ಹೆಚ್ಚಾಗಿ ಜೆಲಾಟಿನ್ನಿನದು, ಜೆಲಾಟಿನ್ ಪ್ರಾಣಿಗಳ ಚರ್ಮ ಎಲುಬುಗಳಿಂದ ಬರುತ್ತದೆ. ಆದುದರಿಂದ ಕವಚವಿಲ್ಲದ ಸಾದಾ ಗುಳಿಗೆಯನ್ನು ಕೇಳಿ ಪಡೆಯಬಹುದು. ಮೀನೆಣ್ಣೆಯ ಕ್ಯಾಪ್ಸೂಲುಗಳ ವಿಷಯ ಹೇಳಬೇಕಾಗಿಯೇ ಇಲ್ಲ.

ಡಿ: ಬಿಸಿಲೂರಿನಲ್ಲಿಯೂ ಬಿಸಿಲಿನ ಕೊರತೆ

ಬಾಗಲಕೋಟೆ ಜಿಲ್ಲೆಯಲ್ಲಿ ಬಿಸಿಲಿಗೆ ಬರವಿಲ್ಲ. ಆದರೂ ಡಿ ಜೀವಸತ್ವದ ಕೊರತೆ ಇರಬಹುದೇ? ಇರಬಹುದು. ಈ ಜೀವಸತ್ವವು ಚರ್ಮಕ್ಕೆ ನೇರ ಬಿಸಿಲು ತಾಗಿದಾಗ ಮೈಯಲ್ಲಿಯೇ ಹುಟ್ಟುತ್ತದೆ. ಬೆಳಗಿನಿಂದ ಸಂಜೆಯವರೆಗೆ ಮಗ್ಗದ ಕೋಣೆಯಲ್ಲಿ ಕುಳಿತವರಿಗೆ, ಮೈತುಂಬ ಸೆರಗು ಹೊದ್ದ ತಾಯಂದಿರಿಗೆ ಆ ಬಿಸಿಲು ದಕ್ಕುವುದಿಲ್ಲ. ಕಿಟಕಿಯ ಗಾಜಿನ ಮೂಲಕ ಬಂದ ಬಿಸಿಲೂ ಈ ಕೆಲಸಕ್ಕೆ ಬಾರದು. ಎಳೆ ಬಿಸಿಲಿಗಿಂತ, ಹತ್ತು ಗಂಟೆಯಿಂದ ಮೂರು ಗಂಟೆಯೊಳಗಿನ ಬಿಸಿಲಿನಲ್ಲಿ ಈ ಗುಣ ಹೆಚ್ಚು. ಮುಖ, ಕೈ, ಕಾಲುಗಳಿಗೆ ಬಿಸಿಲು ಬೀಳುವಂತೆ ಹದಿನೈದು ಇಪ್ಪತ್ತು ನಿಮಿಷ ಅಂಗಳದಲ್ಲಿ ಇದ್ದು ಬರುವುದು ಒಳ್ಳೆಯದು. ಕಡುಬೇಸಿಗೆಯಲ್ಲಿ ಹತ್ತು ಗಂಟೆಯ ಸುಮಾರಿಗೇ ಮುಗಿಸಿಕೊಳ್ಳಬೇಕು.

ಕೊರತೆ ಖಚಿತವಾದವರಿಗೆ ವೈದ್ಯರು 60,000 ಘಟಕಗಳ ಪುಡಿಯ ಪೊಟ್ಟಣ ಇಲ್ಲವೆ ಗುಳಿಗೆಯನ್ನು ಬರೆದುಕೊಡುತ್ತಾರೆ. ಇದನ್ನು ಸಾಮಾನ್ಯವಾಗಿ ವಾರಕ್ಕೆ ಒಂದರಂತೆ, ಗೊತ್ತುಮಾಡಿದಷ್ಟು ವಾರ ಮಾತ್ರ ತೆಗೆದುಕೊಳ್ಳಬೇಕು. ದಿನದ ಅಗತ್ಯ ಕೇವಲ 600 ಘಟಕಗಳು ಎಂಬುದನ್ನು ನೆನೆದರೆ ಇದರ ಬಲ ತಿಳಿಯುತ್ತದೆ. ವಾರದ ಗುಳಿಗೆಯನ್ನು ತಿಳಿಯದೆ ದಿನವೂ ನುಂಗಿದರೆ ರಕ್ತದಲ್ಲಿ ಸುಣ್ಣದ ಅಂಶ ಏರಿ ವಾಂತಿ, ಮಲಬದ್ಧತೆ, ಗೊಂದಲ ಉಂಟಾಗುತ್ತವೆ, ಮೂತ್ರಪಿಂಡಗಳು ಕೆಡುತ್ತವೆ. ಬಿ ಗುಂಪಿನ ಜೀವಸತ್ವಗಳು ಬಹುಮಟ್ಟಿಗೆ ಮೂತ್ರದಲ್ಲಿ ಹೊರಹೋಗುತ್ತವೆ. ಎ ಮತ್ತು ಡಿ ಹಾಗಲ್ಲ, ಮೈಯಲ್ಲಿಯೇ ಶೇಖರವಾಗುತ್ತವೆ. ಡಿ3 ಹೆಚ್ಚಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಾಗುತ್ತದೆ. ಅದಕ್ಕಾಗಿ ಕುರಿಯನ್ನು ಕೊಲ್ಲುವುದಿಲ್ಲ. ಅದೂ ಬೇಡವೆನ್ನುವವರು ವೈದ್ಯರನ್ನು ಕೇಳಿ ಸಸ್ಯಮೂಲದ್ದನ್ನು ಪಡೆಯಬಹುದು.

ಕಬ್ಬಿಣ ಮತ್ತು ಸುಣ್ಣದ ಅಂಶ

ಇವು ಜೀವಸತ್ವಗಳಲ್ಲ, ಖನಿಜಗಳು. ಆದರೂ ಒಂದೇ ಅಂಗಡಿಯಲ್ಲಿ, ಒಂದೇ ಡಬ್ಬಿಯಲ್ಲಿ ಬರುವುದರಿಂದ ಇಲ್ಲಿ ಹೇಳುವುದು ಅವಶ್ಯ. ರಕ್ತದ ಹಿಮೋಗ್ಲೋಬಿನ್ ಹೆಂಗಸರಲ್ಲಿ 12, ಗಂಡಸರಲ್ಲಿ 13, ಗರ್ಭಿಣಿಯರಲ್ಲಿ 11 ಗ್ರಾಮಿಗಿಂತ ಕೆಳಗಿಳಿದರೆ ರಕ್ತಹೀನತೆ ಎನ್ನುತ್ತಾರೆ. ಮುಟ್ಟು ನಿಂತ ತಾಯಂದಿರಲ್ಲಿ, ಮಧ್ಯವಯಸ್ಸಿನ ಗಂಡಸರಲ್ಲಿ ಕಬ್ಬಿಣದ ಕೊರತೆ ಕಂಡರೆ ಗುಳಿಗೆ ನುಂಗಿ ಸುಮ್ಮನಾಗಬಾರದು. ಹೊಟ್ಟೆ ಕರುಳುಗಳಲ್ಲಿ ಹುಣ್ಣು, ಗಂಟು, ಮೂಲವ್ಯಾಧಿಗಳಿಂದ ರಕ್ತ ಸೋರುತ್ತಿದೆಯೇ ಎಂದು ನೋಡಿಸಬೇಕು.

ಕಬ್ಬಿಣದ ಗುಳಿಗೆಯನ್ನು ಚಹ, ಹಾಲು, ಸುಣ್ಣದ ಅಂಶದ ಗುಳಿಗೆಗಳೊಡನೆ ತೆಗೆದುಕೊಂಡರೆ ಅದು ಮೈಗೆ ಹತ್ತುವುದಿಲ್ಲ. ನಡುವೆ ಎರಡು ತಾಸಿನ ಅಂತರ ಬೇಕು. ಥೈರಾಯ್ಡ್ ಗುಳಿಗೆ ನುಂಗುವವರು ಈ ಎರಡರಿಂದಲೂ ನಾಲ್ಕು ತಾಸು ದೂರವಿರಬೇಕು. ಸುಣ್ಣದ ಅಂಶವನ್ನು ಆದಷ್ಟು ಊಟದಿಂದಲೇ ಪಡೆಯುವುದು ಲೇಸು. ಹಾಲು, ಮೊಸರು, ಎಳ್ಳು, ರಾಗಿ, ರಾಜಗಿರಿ ನಮ್ಮಲ್ಲಿ ಬೇಕಾದಷ್ಟಿವೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯಲ್ಲಿ ಕಬ್ಬಿಣ, ಸುಣ್ಣ ಎರಡೂ ಇವೆ. ಅದರೊಡನೆ ಕಾಳುಪಲ್ಯ, ಮೇಲೆ ನಿಂಬೆರಸ ಇಲ್ಲವೆ ನೆಲ್ಲಿಕಾಯಿ ಇದ್ದರೆ ಕಬ್ಬಿಣ ಚೆನ್ನಾಗಿ ಮೈಗೂಡುತ್ತದೆ. ಊಟವಾದ ಕೂಡಲೇ ಚಹ ಕುಡಿಯುವ ರೂಢಿಯನ್ನು ಬಿಟ್ಟರೆ ಆಯಿತು.

ಮಕ್ಕಳಿಗೆ: ದುಬಾರಿ ಡಬ್ಬಿಗಿಂತ ಉಚಿತ ಗುಳಿಗೆ ಮೇಲು

ಮಕ್ಕಳಿಗೆ ಮುಖ್ಯವಾಗಿ ಬೇಕಾದುದನ್ನು ಸರ್ಕಾರವೇ ಬೆಲೆಯಿಲ್ಲದೆ ಕೊಡುತ್ತಿದೆ. ಒಂಬತ್ತು ತಿಂಗಳಿಗೆ ಮೊದಲಾಗಿ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಎ ಜೀವಸತ್ವದ ದ್ರವವನ್ನು ಕುಡಿಸುತ್ತಾರೆ. 2018ರಲ್ಲಿ ಆರಂಭವಾದ ರಕ್ತಹೀನತೆಮುಕ್ತ ಭಾರತ ಕಾರ್ಯಕ್ರಮದಂತೆ ಐದು ವರ್ಷದೊಳಗಿನವರಿಗೆ ವಾರಕ್ಕೆರಡು ಸಲ ಕಬ್ಬಿಣದ ಸಿರಪ್, ಐದರಿಂದ ಒಂಬತ್ತು ವರ್ಷದವರಿಗೆ ವಾರಕ್ಕೊಂದು ಗುಲಾಬಿ ಗುಳಿಗೆ, ಹತ್ತರಿಂದ ಹತ್ತೊಂಬತ್ತು ವರ್ಷದವರಿಗೆ ವಾರಕ್ಕೊಂದು ನೀಲಿ ಗುಳಿಗೆ ಇದೆ. ಜಂತುಹುಳಗಳು ಮಕ್ಕಳ ಪೋಷಣೆಯನ್ನು ಕೆಡಿಸುವುದರಿಂದ ಅವುಗಳ ಗುಳಿಗೆಯನ್ನೂ ಕೊಡುತ್ತಾರೆ. ಶಾಲೆಗಳಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲೂ ಇದೆ.

ನೀಲಿ ಗುಳಿಗೆಯಿಂದ ಹೊಟ್ಟೆ ತೊಳಸಿದಂತಾಗುತ್ತದೆ, ಮಲ ಕಪ್ಪಾಗುತ್ತದೆ ಎಂದು ಹೆಣ್ಣುಮಕ್ಕಳು ಅದನ್ನು ಎಸೆಯುವುದುಂಟು. ಮಲ ಕಪ್ಪಾಗುವುದರಿಂದ ಕೇಡಿಲ್ಲ. ಊಟವಾದ ಮೇಲೆ ನುಂಗಿದರೆ ತೊಳಸುವುದೂ ಕಡಿಮೆಯಾಗುತ್ತದೆ. ತಿಂಗಳು ತಿಂಗಳು ರಕ್ತ ಕಳೆದುಕೊಳ್ಳುವ ಮಗಳಿಗೆ ಇದು ಬೇಕೇ ಬೇಕೆಂದು ತಾಯಿಯೇ ತಿಳಿಹೇಳಬೇಕು.

ಚೆನ್ನಾಗಿ ಉಂಡು ಆಡಿಕೊಂಡಿರುವ ಮಗುವಿಗೆ ಬಹುಜೀವಸತ್ವದ ಟಾನಿಕ್ಕಾಗಲಿ, ಎತ್ತರ ಬೆಳೆಸುವುದೆಂದು ಹಾಲಿಗೆ ಬೆರೆಸುವ ಪುಡಿಯಾಗಲಿ ಅವಶ್ಯವಿಲ್ಲ. ಅಂಥ ಪುಡಿಗಳಲ್ಲಿ ಸಕ್ಕರೆಯೇ ಬಹಳವಿರುತ್ತದೆ. ಮಿಠಾಯಿಯಂತಿರುವ ಜೀವಸತ್ವದ ಗುಳಿಗೆಗಳನ್ನು ಮಕ್ಕಳು ಕದ್ದು ತಿನ್ನುವ ಭಯವೂ ಇದೆ. ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದುಂಟು: ದೊಡ್ಡವರ ಕಬ್ಬಿಣದ ಗುಳಿಗೆಗಳನ್ನು ಸಣ್ಣ ಮಗು ಒಮ್ಮೆಲೇ ಹಲವಾರು ನುಂಗಿದರೆ ಪ್ರಾಣಕ್ಕೇ ಅಪಾಯ. ಹಾಗಾದಲ್ಲಿ ಲಕ್ಷಣಗಳಿಗಾಗಿ ಕಾಯದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಗುಳಿಗೆಗಳು ಸದಾ ಮಗುವಿನ ಕೈಗೆ ಎಟುಕದ ಮಾಡಿನಲ್ಲಿರಲಿ.

ಕೊಳ್ಳುವ ಮುನ್ನ ಓದಬೇಕಾದುದು

ಆಹಾರಪೂರಕವಾಗಿ ಮಾರುವ ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ, ಪ್ರತಿಯೊಂದು ಜೀವಸತ್ವದ ಪ್ರಮಾಣ, ಅವಧಿ ಮುಗಿಯುವ ದಿನಾಂಕ ಇರಬೇಕು. ಸಸ್ಯಾಹಾರವಾದರೆ ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇರುತ್ತದೆ. ಔಷಧವೆಂದು ಮಾರುವ ಗುಳಿಗೆಗಳ ಮೇಲೆ ಈ ಚುಕ್ಕೆ ಇಲ್ಲದಿರಬಹುದು, ಅಂಗಡಿಯವರನ್ನು ಕೇಳಬೇಕು. ವೈದ್ಯರು ಬರೆದ ಜೀವಸತ್ವವನ್ನು ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಪಡೆಯಬಹುದು. ಬೆಲೆ ಇಳಿದರೆ ಗುಣ ಇಳಿಯಿತೆಂದಲ್ಲ. ಸಂಧಿವಾತ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಲ್ಲಕ್ಕೂ ಒಂದೇ ಮದ್ದೆಂದು ಮನೆಬಾಗಿಲಿಗೆ ಬಂದು ಮಾರುವ ಡಬ್ಬಿಗೆ ಬೆವರಿನ ಹಣವನ್ನು ಸುರಿಯಬಾರದು.

ಈಗ ಆ ಮನೆಗೆ ಮರಳಿ ಬರೋಣ. ತಂದೆ ಬಿ12 ಪರೀಕ್ಷೆ ಮಾಡಿಸಿಕೊಳ್ಳಲಿ. ತಾಯಿ ಡಿ ಜೀವಸತ್ವದ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದಷ್ಟು ವಾರ ಮಾತ್ರ ಗುಳಿಗೆ ತೆಗೆದುಕೊಂಡು, ದಿನಕ್ಕಿಷ್ಟು ಹೊತ್ತು ಬಿಸಿಲಿಗೆ ಬರಲಿ. ಮಗಳ ಹಿಮೋಗ್ಲೋಬಿನ್ ನೋಡಿಸಿ, ವೈದ್ಯರು ಬೇರೆ ಪ್ರಮಾಣ ಹೇಳದಿದ್ದರೆ ನೀಲಿ ಗುಳಿಗೆಯನ್ನು ತಪ್ಪಿಸದಿರಲಿ. ಮಗನಿಗೆ ಅಂಗನವಾಡಿಯಲ್ಲಿ ಎ ಜೀವಸತ್ವ, ಸಿರಪ್, ಜಂತುಹುಳದ ಮದ್ದು ಬಿದ್ದಿವೆಯೇ ಎಂದು ವಿಚಾರಿಸಲಿ. ನಾಲ್ವರೂ ಸಂಜೆ ಒಂದೇ ಪಂಕ್ತಿಯಲ್ಲಿ ಕುಳಿತು ರೊಟ್ಟಿ, ಕಾಳುಪಲ್ಯ, ಮೊಸರನ್ನು ಪ್ರಸಾದವೆಂದು ಸ್ವೀಕರಿಸಲಿ. ಊಟ ಎಲ್ಲರಿಗೂ ಒಂದೇ ಇರಲಿ, ಗುಳಿಗೆ ಮಾತ್ರ ಅವರವರ ಕೊರತೆಗೆ ತಕ್ಕಂತೆ ಇರಲಿ. ಈ ಪುಟವನ್ನು ಓದಿದ ಭಕ್ತರು ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ಇಂದೇ ಒಂದು ಚೀಲಕ್ಕೆ ಹಾಕಿ, ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಜೊತೆಗೆ ಒಯ್ದು ತೋರಿಸಿದರೆ ನಮ್ಮ ಶ್ರಮ ಸಾರ್ಥಕ.